ಕಾಣದ ಚುಕ್ಕಿಗಳು

“ನಡುವಿನ ಚುಕ್ಕಿ ಬಿಟ್ಟು ಆಚೀಚೆ ನೋಡಬೇಡಿ,” ಎಂದ ಅವನು, ಪ್ರತಿ ವರ್ಷ ಹೇಳುವ ಹಾಗೆಯೇ.

“ನೋಡಲ್ಲ ಮೇಷ್ಟ್ರೇ,” ಎಂದಳು ಅವಳು, ಅವಳೂ ಪ್ರತಿ ವರ್ಷ ಹೇಳುವ ಹಾಗೆಯೇ.

ಅವನು ಮೇಷ್ಟ್ರಲ್ಲ. ಕಣ್ಣಾಸ್ಪತ್ರೆಯ ಕತ್ತಲೆ ಕೋಣೆಯಲ್ಲಿ, ದೃಷ್ಟಿಯ ಹರವು ಅಳೆಯುವ ಯಂತ್ರದ ಪಕ್ಕ ಕೂರುವ ಟೆಕ್ನಿಷಿಯನ್. ಅಲುಗಬೇಡಿ, ಮಾತಾಡಬೇಡಿ, ಸುತ್ತ ಬೆಳಕಿನ ಚುಕ್ಕಿ ಕಂಡರೆ ಗುಂಡಿ ಒತ್ತಿ, ಕಾಣದಿದ್ದರೆ ಸುಮ್ಮನಿರಿ ಎಂದು ದಿನವಿಡೀ ಹೇಳುವುದೇ ಅವನ ಕೆಲಸ. ಅದನ್ನು ಕೇಳಿದ ಅವಳ ಅತ್ತಿಗೆ ಅವನಿಗೆ ‘ಚುಕ್ಕಿ ಮೇಷ್ಟ್ರು’ ಎಂದು ಹೆಸರಿಟ್ಟಿದ್ದಳು. ಆ ಹೆಸರು ಇವಳ ಬಾಯಿಗೂ ಹತ್ತಿತ್ತು.

ಅವಳು ಊರಾಚೆಯ ನರ್ಸರಿಯಲ್ಲಿ ಗಿಡಗಳಿಗೆ ಕಸಿ ಕಟ್ಟುವವಳು. ಕೆಲವು ವರ್ಷಗಳ ಹಿಂದೆ ಕೀಲುವಾತ ಬಂದು ಬೆರಳಿನ ಗಿಣ್ಣುಗಳೆಲ್ಲ ಬಾತು ಕೂತಿದ್ದಾಗ, ಡಾಕ್ಟರು ಬರೆದುಕೊಟ್ಟ ಒಂದು ಮಾತ್ರೆ ಅವಳ ಕೈಗಳನ್ನು ಅವಳಿಗೆ ಹಿಂದಿರುಗಿಸಿತ್ತು. ಒಳ್ಳೆಯ ಮಾತ್ರೆಯೇ. ಆದರೆ ವರ್ಷಗಟ್ಟಲೆ ನುಂಗುವವರಲ್ಲಿ ಎಲ್ಲೋ ಕೆಲವರಿಗೆ ಅದು ಕಣ್ಣಿನ ಒಳಪರದೆಯನ್ನು ಸದ್ದಿಲ್ಲದೆ ಕೆಡಿಸುತ್ತದೆ. ನೋವಿಲ್ಲ, ಕೆಂಪಿಲ್ಲ, ನೀರು ಸೋರುವುದಿಲ್ಲ. ನೋಟದ ನಡುಭಾಗದ ಸುತ್ತ ಒಂದು ಬಳೆಯ ಹಾಗೆ ಮಸುಕು ಕವಿಯುತ್ತದೆ. ಕವಿದದ್ದು ಮತ್ತೆ ತಿಳಿಯಾಗುವುದಿಲ್ಲ. ಅದಕ್ಕೇ ಅವಳಿಗೆ ವರ್ಷಕ್ಕೊಮ್ಮೆ ಈ ಕೋಣೆ.

ಗಲ್ಲ ಊರಿ, ಹಣೆಯನ್ನು ಪಟ್ಟಿಗೆ ತಾಗಿಸಿ, ಅವಳು ಬಟ್ಟಲಿನಂಥ ಬಿಳಿ ಗೂಡಿನೊಳಗೆ ನೋಡುತ್ತ ಕೂತಳು. ಅವನ ಪಕ್ಕದ ಪುಟ್ಟ ಸ್ಕ್ರೀನಿನ ಮೇಲೆ ಅವಳ ಒಂದು ಕಣ್ಣು ಅಂಗೈಯಗಲ ಮೂಡಿತು.

ಆ ಕಣ್ಣನ್ನು ಅವನು ಬಲ್ಲ. ಕೆಳರೆಪ್ಪೆಯ ಅಂಚಿನಲ್ಲಿ ಸಾಸಿವೆಯಷ್ಟು ಮಚ್ಚೆ. ಹೊರತುದಿಯ ಒಂದೆರಡು ಕೂದಲು ಮಾತು ಕೇಳದ ಮಕ್ಕಳ ಹಾಗೆ ಮೇಲಕ್ಕೆ ತಿರುಗಿದ್ದವು. ರೆಪ್ಪೆ ಬಡಿಯುವ ಮುಂಚೆ ಕಣ್ಣು ಒಂದಿಷ್ಟು ಅಗಲವಾಗುತ್ತದೆ, ಏನೋ ಕೇಳಲು ಹೊರಟು ಸುಮ್ಮನಾದಂತೆ. ಅವನು ಎಷ್ಟು ಹೊತ್ತು ನೋಡಿದರೂ ಆ ಕಣ್ಣು ತಿರುಗಿ ನೋಡುವಂತಿಲ್ಲ. ಅದಕ್ಕೆ ನಡುವಿನ ಚುಕ್ಕಿಯ ಕಟ್ಟಪ್ಪಣೆ. ಕೆಲಸದ ಹೊತ್ತಿನಲ್ಲಿ ಕಂಡದ್ದನ್ನು ಕೆಲಸ ಮುಗಿದ ಮೇಲೆ ನೆನೆಯಬಾರದೆಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ನೆನೆಯುತ್ತಿದ್ದ.

ಒಂದೊಂದು ಚುಕ್ಕಿಗೂ ಒಂದು ಸದ್ದು; ಯಂತ್ರ ಸಣ್ಣಗೆ ಟಿಕ್ ಎಂದಿತು. ಅವಳು ಒತ್ತಿದಳು. ಟಿಕ್. ಒತ್ತಿದಳು. ಟಿಕ್. ಒತ್ತಿದಳು.

ಅವನ ಹುಬ್ಬು ಗಂಟಾಯಿತು. ಆ ಯಂತ್ರಕ್ಕೊಂದು ಚಾಲಾಕಿತನವಿದೆ. ನಡುನಡುವೆ ಚುಕ್ಕಿ ತೋರಿಸದೆ ಬರೀ ಸದ್ದು ಮಾಡುತ್ತದೆ. ಕಣ್ಣಿಂದ ಕಂಡು ಒತ್ತುವವರು ಆಗ ಸುಮ್ಮನಿರುತ್ತಾರೆ. ಅವಳು ಒಂದು ಸಲವೂ ಸುಮ್ಮನಿರಲಿಲ್ಲ. ಸ್ಕ್ರೀನಿನ ಮೇಲಿನ ಕಣ್ಣು ಅರಳಿಕೊಂಡೇ ಇತ್ತು, ಆದರೆ ಅದು ನೋಡುತ್ತಿರಲಿಲ್ಲ; ಕಿವಿಗೊಟ್ಟು ಕಾಯುತ್ತಿತ್ತು.

ಅವನು ಯಂತ್ರ ನಿಲ್ಲಿಸಿ ದೀಪ ಹಾಕಿದ.

“ಯಾಕೆ? ಮುಗೀತಾ?”

“ಚುಕ್ಕಿ ಇಲ್ಲದಾಗಲೂ ಒತ್ತುತಿದೀರಿ.”

“ಕಾಣ್ತು, ಒತ್ತಿದೆ.”

“ಇರಲೇ ಇಲ್ಲ. ಕೆಲವು ಸಲ ಯಂತ್ರ ಬರೀ ಸದ್ದು ಮಾಡುತ್ತೆ. ಜನ ಹೇಗೆ ಒತ್ತುತಾರೆ ಅಂತ ನೋಡೋಕೆ.”

ಅವಳ ಮುಖದಿಂದ ಬಣ್ಣ ಇಳಿಯಿತು. “ಅಂದ್ರೆ ಮೋಸ ಮಾಡುತ್ತೆ.”

“ಯಂತ್ರ ಯಾಕೆ ಮೋಸ ಮಾಡುತ್ತೆ? ಮೋಸ ಮಾಡ್ತಿರೋರು…” ಎಂದವನು ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು. ಅವಳು ಇನ್ನೊಂದು ಕಣ್ಣಿಗೆ ಕಟ್ಟಿದ್ದ ಪಟ್ಟಿ ಕಿತ್ತು ಮೇಜಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿ ಹೊರಟುಹೋದಳು.

ಹೊರಗಿನ ಬೆಂಚಿನಲ್ಲಿ ಕೂತಿದ್ದ ಅತ್ತಿಗೆ ಎದ್ದು ಬಂದಳು. “ಏನ್ ಮೇಷ್ಟ್ರೇ, ನಮ್ಮ ಹುಡುಗಿ ಪಾಸಾ, ಫೇಲಾ? ಮುಖ ಹುಳಿ ತಿಂದಂಗೆ ಮಾಡ್ಕೊಂಡು ಹೋದಳಲ್ಲ!”

“ಇದರಲ್ಲಿ ಪಾಸು ಫೇಲು ಇಲ್ಲಮ್ಮ.”

“ಇಲ್ಲದೆ ಏನು? ಹೋದ ವರ್ಷ ‘ಫಸ್ಟ್ ಕ್ಲಾಸ್’ ಅಂದಿದ್ರಂತೆ. ಕಂಡಕಂಡೋರಿಗೆಲ್ಲ ಹೇಳ್ಕೊಂಡು ತಿರುಗಿದಾಳೆ ಪುಣ್ಯಾತ್ಗಿತ್ತಿ. ಗಂಡು ಒಪ್ಪಿಕೊಂಡ ಅಂದಿದ್ರೂ ಅಷ್ಟು ಮುಖ ಅರಳ್ತಿರಲಿಲ್ಲ.”



*

ಕಣ್ಣಿನ ಡಾಕ್ಟರಮ್ಮ ಅರ್ಧಕ್ಕೆ ನಿಂತ ಪರೀಕ್ಷೆಯನ್ನು ನೋಡಿ ತಲೆಯಾಡಿಸಿದರು. “ಇದನ್ನ ನಂಬೋಕಾಗಲ್ಲ. ಮತ್ತೆ ಕರೆಸಿ. ದೊಡ್ಡಾಸ್ಪತ್ರೆಗೆ ಸ್ಕ್ಯಾನಿಗೂ ಬರೆದುಕೊಡ್ತೀನಿ. ತಡ ಮಾಡೋ ವಿಷಯ ಅಲ್ಲ.”

ಅವಳು ಬರಲಿಲ್ಲ. ಫೋನು ಮಾಡಿದರೆ ಎತ್ತುವವಳು ಅತ್ತಿಗೆ. “ಬರ್ತೀನಿ ಅಂತಾಳೆ, ಬರಲ್ಲ. ಕತ್ತೆನಾದ್ರೂ ಹಗ್ಗ ಹಾಕಿ ಎಳ್ಕೊಂಡು ಬರಬಹುದು, ಇವಳನ್ನ ಆಗಲ್ಲ. ರಜೆ ದಿನ ಒಂದು ಗಿಡ ತಗೊಳ್ಳೋ ನೆಪ ಮಾಡ್ಕೊಂಡು ನೀವೇ ಬಂದುಬಿಡಿ ಮೇಷ್ಟ್ರೇ.”

ರೋಗಿಯ ಹಿಂದೆ ಹೋಗುವುದು ಸರಿಯೇ ಎಂದು ಅವನು ಯೋಚಿಸಿದ. ಹೋಗದಿರುವುದು ಸರಿಯೇ ಎಂದೂ ಯೋಚಿಸಿದ. ರಜೆಯ ದಿನ ಬಂದಾಗ ಬಸ್ಸು ಹತ್ತಿದ.

ನರ್ಸರಿಯ ನೆರಳುಬಲೆಯ ಕೆಳಗೆ ಹಸಿಮಣ್ಣಿನ ವಾಸನೆ. ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಸಸಿಗಳು ಸಾಲಾಗಿ ನಿಂತಿದ್ದವು. ಅವಳು ತಗ್ಗು ಮಣೆಯ ಮೇಲೆ ಕೂತು, ಕಸಿ ಚಾಕು ಹಿಡಿದು, ತಲೆ ಬಗ್ಗಿಸಿದ್ದಳು.

“ಯಾವ ಗಿಡ ಬೇಕು?” ಎಂದಳು ತಲೆ ಎತ್ತದೆ.

“ಗುಲಾಬಿ.”

ದನಿ ಗುರುತು ಸಿಕ್ಕಿ ಚಾಕು ಒಂದು ಕ್ಷಣ ನಿಂತಿತು. “ಯಾವ ಬಣ್ಣ?”

“ಯಾವುದಾದ್ರೂ ಆದೀತು.”

“ಯಾವುದಾದ್ರೂ ಅನ್ನೋರು ಗಿಡಕ್ಕೆ ಬಂದಿರಲ್ಲ,” ಎಂದು ಅವಳು ತಲೆಯೆತ್ತಿದಳು. ನೇರ ನೋಡಲಿಲ್ಲ. ಕಾಳು ನೋಡುವ ಹಕ್ಕಿಯ ಹಾಗೆ ಕತ್ತು ಒಂದಿಷ್ಟು ವಾಲಿಸಿ ನೋಡಿದಳು.

ಬೇರೆ ಯಾರಾದರೂ ಅದನ್ನು ಬಿನ್ನಾಣ ಎನ್ನುತ್ತಿದ್ದರು. ನೋಟದ ನಡುಭಾಗದ ಸುತ್ತ ಮಸುಕು ಕವಿದವರು ಹಾಗೆ ಕತ್ತು ವಾಲಿಸುವುದನ್ನು ಅವನು ಎಷ್ಟೋ ಸಲ ಕಂಡಿದ್ದ.

ಅವಳು ಕೆಲಸ ಮುಂದುವರಿಸಿದಳು. ಬೇರುಗಿಡದ ತಲೆ ಕತ್ತರಿಸಿ, ಸೀಳಿ, ಕಸಿಕಡ್ಡಿಯ ಬುಡವನ್ನು ಚೂಪು ಮಾಡಿ ಸೀಳಿನೊಳಗೆ ಇಳಿಸಿದಳು. ತೊಗಟೆಯ ಕೆಳಗೆ ಕೂದಲೆಳೆಯಷ್ಟು ಹಸಿರು ಗೆರೆ ಇರುತ್ತದೆ. ಇದರ ಹಸಿರಿಗೆ ಅದರ ಹಸಿರು ಕೂತರೆ ಮಾತ್ರ ಜೀವ ಹಿಡಿಯುತ್ತದೆ. ಅವಳು ಆ ಗೆರೆಯನ್ನು ನೋಡಿ ಕೂರಿಸುತ್ತಿರಲಿಲ್ಲ. ಹೆಬ್ಬೆರಳಿನ ಉಗುರಿನಿಂದ ತಡವಿ ಹುಡುಕುತ್ತಿದ್ದಳು.

ನೀರಿನ ತೊಟ್ಟಿಯ ಹಿಂದೆ, ಕಟ್ಟಿದ ಪಟ್ಟಿಯ ಸಮೇತ ಒಣಗಿದ ಕಸಿಗಳು ರಾಶಿ ಬಿದ್ದಿದ್ದವು. ಅವನ ಕಣ್ಣು ಅಲ್ಲಿಗೆ ಹೋದದ್ದನ್ನು ಅವಳು ಹೇಗೋ ಅರಿತಳು.

“ಈ ಸಲ ಬಿಸಿಲು ಜಾಸ್ತಿ,” ಎಂದಳು.

“ನೆರಳಲ್ಲಿಟ್ಟ ಗಿಡಕ್ಕೂನಾ?”

ಅವಳು ಚಾಕು ಮಡಚಿ ಮಡಿಲಲ್ಲಿಟ್ಟುಕೊಂಡಳು.

“ಮೊದಲನೇ ವರ್ಷ ನಿಜವಾಗ್ಲೂ ಎಲ್ಲ ಕಾಣ್ತಿತ್ತು ಮೇಷ್ಟ್ರೇ,” ಎಂದಳು. “ನೀವು ‘ಫಸ್ಟ್ ಕ್ಲಾಸ್’ ಅಂದ್ರಿ. ಶಾಲೆಯಲ್ಲೂ ಯಾರೂ ನನಗೆ ಹಾಗಂದಿರಲಿಲ್ಲ. ಆಮೇಲೊಂದು ವರ್ಷ ಕೆಲವು ಚುಕ್ಕಿ ಬಂತೋ ಇಲ್ವೋ ಅನ್ನಿಸ್ತು. ಸದ್ದು ಬಂತು, ಒತ್ತಿದೆ. ನೀವು ಮತ್ತೆ ಹಾಗೇ ಅಂದ್ರಿ. ಅದನ್ನ ಇಟ್ಕೊಂಡು ವರ್ಷ ಕಳೀತಿತ್ತು.” ಅವಳ ದನಿ ಇಳಿಯಿತು. “ಈ ವರ್ಷ ಒಂದು ಕಡೆ ಚುಕ್ಕಿನೇ ಇಲ್ಲ. ಬರೀ ಸದ್ದು.”

ದಿನಕ್ಕೆ ಎಷ್ಟು ಜನರಿಗೋ ಹೇಳುವ ಮಾತು ಅದು. ಅವಳಿಗೆ ಹೇಳುವಾಗ ಮಾತ್ರ ದನಿ ಬೇರೆಯಾಗುತ್ತಿತ್ತು ಎಂಬುದು ಅವನಿಗೆ ಗೊತ್ತಿತ್ತು. ಅದು ಅವಳಿಗೂ ಗೊತ್ತಾಗಿತ್ತು ಎಂಬುದು ಈಗ ಗೊತ್ತಾಯಿತು. ಸಂತೋಷಪಡಬೇಕಾದ ಸುದ್ದಿ. ಅವನು ತೊಟ್ಟಿಯ ಹಿಂದಿನ ಒಣಗಿದ ಕಸಿಗಳ ಕಡೆ ನೋಡಿದ.

“ಮಾತ್ರೆ ನಿಲ್ಲಿಸ್ತಾರೆ, ಅಲ್ವಾ?”

“ನಿಲ್ಲಿಸಬೇಕಾಗಬಹುದು.”

“ಮಾತ್ರೆ ಸಿಗೋ ಮುಂಚೆ ನಾನು ಹೇಗಿದ್ದೆ ಗೊತ್ತಾ ನಿಮಗೆ? ಬಾಗಿಲ ಚಿಲಕ ತೆಗೆಯೋಕೆ ಆಗ್ತಿರಲಿಲ್ಲ. ಲೋಟನ ಎರಡು ಮಣಿಕಟ್ಟಿನ ನಡುವೆ ಅಮುಕಿ ಹಿಡ್ಕೊಂಡು ಕುಡೀತಿದ್ದೆ. ಸೊಳ್ಳೆ ಕೂತ್ರೆ ಅತ್ತಿಗೇನ ಕೂಗ್ತಿದ್ದೆ.” ಅವಳು ಕೈಗಳನ್ನು ಮುಂದೆ ಚಾಚಿ ಬೆರಳು ಬಿಡಿಸಿದಳು. “ಕಣ್ಣು ಹೋದ್ರೆ ಕೈ ತಡವಿಕೊಂಡಾದ್ರೂ ಕೆಲಸ ಮಾಡುತ್ತೆ. ಕೈ ಹೋದ್ರೆ ಕಣ್ಣು ಏನು ಮಾಡುತ್ತೆ ಹೇಳಿ? ನೋಡ್ಕೊಂಡು ಕೂತಿರುತ್ತೆ.”

ಅತ್ತ ದರಿ, ಇತ್ತ ಪುಲಿ. ಸಮಾಧಾನದ ಮಾತು ಅವನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಇಷ್ಟು ದಿನ ಅವಳಿಗೆ ಕೇಡು ಮಾಡಿದ್ದು ಒಳ್ಳೆಯ ಮಾತೇ.

“ಬೇರೆ ಔಷಧಿ ಇದೆ,” ಎಂದ ನಿಧಾನವಾಗಿ. “ಹಿಡಿಯೋಕೆ ತಿಂಗಳುಗಟ್ಟಲೆ ಆಗಬಹುದು. ಪೂರ್ತಿ ಹಿಡಿಯದೇನೂ ಇರಬಹುದು. ಆ ನಡುವೆ ಕೈ ನೋಯುತ್ತೆ. ಸುಳ್ಳು ಹೇಳಲ್ಲ. ಆದ್ರೆ ಕೈಗೆ ಎರಡನೇ ದಾರಿ ಇದೆ, ಕಣ್ಣಿಗಿಲ್ಲ. ಹೋಗಿದ್ದು ಹೋಯ್ತು. ಉಳಿದಿದ್ದನ್ನ ಉಳಿಸ್ಕೋಬೇಕು.”

ಅವಳು ಚಾಚಿದ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.

“ಪರೀಕ್ಷೆಗೆ ಬನ್ನಿ. ಬೇಕಿದ್ರೆ ಆ ದಿನ ಬೇರೆಯವರನ್ನ ಕೂರಿಸ್ತೀನಿ.”

“ಯಾಕೆ?”

“ನಾನಿದ್ರೆ ನೀವು ಒತ್ತುತೀರಿ.”

ಅವಳ ಕೆನ್ನೆಗೆ ಸಣ್ಣಗೆ ರಂಗೇರಿತು. ಅಷ್ಟು ದುಃಖದ ನಡುವೆಯೂ ತುಟಿಯ ಕೊನೆ ಅಲುಗಿತು. “ಅಬ್ಬಾ, ಎಷ್ಟು ಜಂಬ ಮೇಷ್ಟ್ರಿಗೆ!”

“ಜಂಬ ಅಲ್ಲ. ಹೆದರಿಕೆ.”

ಆ ಮಾತಿಗೆ ಅವಳು ಹುಡುಗಾಟ ಬಿಟ್ಟಳು. ಮಡಿಲಿನ ಚಾಕುವನ್ನು ತಿರುಗಿಸುತ್ತ, “ನೀವೇ ಇರಿ,” ಎಂದಳು. “ಆದ್ರೆ ಬಾಯಿ ಬಿಡಬೇಡಿ. ಚೆನ್ನಾಗಿದೆ ಅನ್ನಬೇಡಿ, ಇನ್ನು ಸ್ವಲ್ಪವೇ ಅನ್ನಬೇಡಿ. ನೀವು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಥರ ಇರಿ.”

*

ಅವಳು ಬಂದಳು. ಗಲ್ಲ ಊರಿದಳು. ಅವನು ನಡುವಿನ ಚುಕ್ಕಿಯ ವಿಷಯವನ್ನೂ ಹೇಳಲಿಲ್ಲ.

ಟಿಕ್. ಒತ್ತಿದಳು. ಟಿಕ್. ಸುಮ್ಮನಿದ್ದಳು.

ಆ ಕೋಣೆಯಲ್ಲಿ ಅಂಥ ಮೌನವನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ಸದ್ದು ಬರುತ್ತದೆ, ಗುಂಡಿಯ ಮೇಲೆ ಅವಳ ಹೆಬ್ಬೆರಳು ಅಲ್ಲೇ ಇರುತ್ತದೆ, ಒತ್ತುವುದಿಲ್ಲ. ಮತ್ತೆ ಸದ್ದು, ಮತ್ತೆ ಮೌನ. ಅವಳು ಒತ್ತದ ಒಂದೊಂದು ಚುಕ್ಕಿಯೂ ಅವನ ಎದೆಯೊಳಗೆ ಎಲ್ಲೋ ಹೋಗಿ ಬೀಳುತ್ತಿತ್ತು. ಸ್ಕ್ರೀನಿನ ಮೇಲೆ ಅವಳ ಕಣ್ಣಿನಲ್ಲಿ ನೀರು ತುಂಬಿತು. ಕೆಳರೆಪ್ಪೆಯಂಚಿಗೆ ಬಂದು ನಿಂತಿತು, ಉರುಳಿತು. ಆದರೂ ಆ ಕಣ್ಣು ನಡುವಿನ ಚುಕ್ಕಿಯನ್ನು ಬಿಟ್ಟು ಅಲುಗಲಿಲ್ಲ. ಒರೆಸಬೇಕೆಂದು ಅವನ ಕೈ ಎದ್ದಿತು. ಮತ್ತೆ ತೊಡೆಯ ಮೇಲೆ ಇಳಿಯಿತು. ಅವನು ಅಲ್ಲಿ ಇರಲಿಲ್ಲ, ಹಾಗೆಂದು ಮಾತು ಕೊಟ್ಟಿದ್ದ.

ಎರಡೂ ಕಣ್ಣು ಮುಗಿದ ಮೇಲೆ ದೀಪ ಹಾಕಿದ. ಯಂತ್ರ ಬಿಡಿಸಿದ ಚಿತ್ರದಲ್ಲಿ ನಡುವಿನ ಸುತ್ತ ಬೂದು ಬಳೆ. ಒಂದು ಕಡೆ ಗಾಢ, ಇನ್ನೊಂದು ಕಡೆ ತೆಳು, ಇನ್ನೂ ಪೂರ್ತಿ ಕೂಡಿರಲಿಲ್ಲ. ಅವನು ಅದನ್ನು ಮರೆಮಾಡದೆ ಅವಳ ಕಡೆಗೆ ತಿರುಗಿಸಿದ.

“ಇಷ್ಟು ಬಿಟ್ಟೆನಾ?”

“ಇಷ್ಟು.”

ಅವಳು ಕತ್ತು ವಾಲಿಸಿ ನೋಡಿದಳು, ತನ್ನದಲ್ಲದ ಏನನ್ನೋ ನೋಡುವ ಹಾಗೆ. ಆಮೇಲೆ ಅಂಗೈಯಿಂದ ಮುಖ ಒರೆಸಿಕೊಂಡು, “ಈಗ ಮಾತಾಡಬಹುದು ಮೇಷ್ಟ್ರೇ,” ಎಂದಳು.

ಅವನು ಎದ್ದು ಬಾಗಿಲು ತೆರೆದು ಹಿಡಿದು ನಿಂತ. ಅವನನ್ನು ದಾಟಿ ಹೋಗುವಾಗ ಅವಳು ಅವನ ತೋಳನ್ನು ಬೆರಳ ತುದಿಯಿಂದ ಮುಟ್ಟಿದಳು. ಯಾರು ಯಾರಿಗೆ ಸಮಾಧಾನ ಹೇಳಬೇಕಿತ್ತೋ ಅದು ತಲೆಕೆಳಗಾಗಿತ್ತು.

ದೊಡ್ಡಾಸ್ಪತ್ರೆಯ ಸ್ಕ್ಯಾನೂ ಅದನ್ನೇ ಹೇಳಿತು. ಕೀಲಿನ ಡಾಕ್ಟರ ಜೊತೆ ಮಾತಾಡಿ ಡಾಕ್ಟರಮ್ಮ ಮಾತ್ರೆ ಬಿಡಿಸಿದರು. “ಇನ್ನೊಂದು ವರ್ಷ ಹೀಗೇ ನಡೆದಿದ್ರೆ ಮುಖ ಗುರುತು ಹಿಡಿಯೋದೂ ಕಷ್ಟ ಆಗ್ತಿತ್ತು. ಇಲ್ಲಿಗೇ ನಿಲ್ಲುತ್ತೆ ಅಂತ ನಂಬೋಣ,” ಎಂದರು. ನಂಬೋಣ ಎಂದರೇ ಹೊರತು ನಿಲ್ಲುತ್ತೆ ಎನ್ನಲಿಲ್ಲ.

*

ಕೈಗಳು ಬಾತವು. ಮೊದಲು ಗಿಣ್ಣು, ಆಮೇಲೆ ಮಣಿಕಟ್ಟು. ಹೊಸ ಔಷಧಿ ಇನ್ನೂ ಹಿಡಿದಿರಲಿಲ್ಲ. ನರ್ಸರಿಯ ಯಜಮಾನ ಒಳ್ಳೆಯವನು, ಕೂತಲ್ಲಿಂದಲೇ ಉಳಿದ ಹೆಂಗಸರಿಗೆ ಕೆಲಸ ತೋರಿಸು ಎಂದ. ಆದರೆ ಚಾಕು ಹಿಡಿಯದ ದಿನ ಅವಳಿಗೆ ದಿನವೇ ಅಲ್ಲ.

ರಜೆಯ ದಿನಗಳಲ್ಲಿ ಅವನು ಬರುತ್ತಿದ್ದ. ಮೊದಲ ಸಲವೇ ಅವಳು ಸಿಡುಕಿದಳು. “ಸಮಾಧಾನ ಹೇಳೋಕೆ ಬಂದಿದ್ರೆ ಈಗಲೇ ಹೋಗಿ.”

“ಕಸಿ ಕಲಿಯೋಕೆ ಬಂದಿದೀನಿ.”

“ಯಾಕೆ, ಆಸ್ಪತ್ರೆಯಿಂದ ಓಡಿಸಿದ್ರಾ?”

“ಇನ್ನೂ ಇಲ್ಲ.”

ಅವಳು ಹೇಳಿದ ಹಾಗೆ ಅವನು ಮಾಡಿದ. ಸೀಳು ಸೊಟ್ಟಗಾಯಿತು, ಕಡ್ಡಿ ಮುರಿಯಿತು, ಹೆಬ್ಬೆರಳು ಕುಯ್ದುಹೋಯಿತು. ಅತ್ತಿಗೆ ಊಟದ ಡಬ್ಬಿ ತಂದವಳು ನೋಡಿ, “ಏನೇ ಇದು, ಮೇಷ್ಟ್ರನ್ನ ಒಂದನೇ ಕ್ಲಾಸಿಗೆ ಸೇರಿಸ್ಕೊಂಡಿದೀಯಾ?” ಎಂದಳು. ಅವಳು ಮುಖ ಗಂಟಿಕ್ಕಿಕೊಂಡೇ, “ಸೇರಿಸ್ಕೊಂಡಿಲ್ಲ ಅತ್ತಿಗೆ. ಬಾಗಿಲಾಚೆ ನಿಲ್ಲಿಸಿದೀನಿ,” ಎಂದಳು. ಬಹಳ ದಿನಗಳ ಮೇಲೆ ಅತ್ತಿಗೆ ಅವಳ ಬಾಯಲ್ಲಿ ತಮಾಷೆ ಕೇಳಿದ್ದು. ಡಬ್ಬಿ ಕೆಳಗಿಟ್ಟು ಸುಮ್ಮನೆ ಆ ಕಡೆ ತಿರುಗಿದಳು.

ಕೆಲವು ದಿನ ಅವಳು ಮಾತಾಡದೆ ಗೋಡೆ ನೋಡುತ್ತ ಕೂರುತ್ತಿದ್ದಳು. ಆಗ ಅವನೂ ಮಾತಾಡದೆ ಚೀಲಗಳಿಗೆ ಮಣ್ಣು ತುಂಬುತ್ತಿದ್ದ. ಒಮ್ಮೆ ಅವಳು, “ನಿಮ್ಮ ಮೇಲೆ ಸಿಟ್ಟಿದೆ ನನಗೆ,” ಎಂದಳು. “ಇರಲಿ,” ಎಂದ. “ಎಷ್ಟು ದಿನ ಇರುತ್ತೋ ಗೊತ್ತಿಲ್ಲ,” ಎಂದಳು. “ಇರೋವಷ್ಟು ದಿನ ಇರಲಿ. ನಾನೂ ಇರ್ತೀನಿ,” ಎಂದ.

ತಿಂಗಳುಗಳು ಉರುಳಿದ ಮೇಲೆ ಹೊಸ ಔಷಧಿ ಹಿಡಿಯಿತು, ಅರ್ಧ. ಬಲಗೈ ಮುಷ್ಟಿ ಕಟ್ಟುವಂತಾಯಿತು. ಎಡಗೈಯ ಕೊನೆಯ ಬೆರಳುಗಳು ಬಾಗಿದವು ಬಾಗಿದಂತೆಯೇ ಉಳಿದವು. ಚಾಕು ಹಿಡಿಯಬಲ್ಲಳು, ಕಸಿಯ ಪಟ್ಟಿ ಬಿಗಿಯಲಾರಳು. ಕಣ್ಣಿನ ಪರೀಕ್ಷೆಯಲ್ಲಿ ಬೂದು ಬಳೆ ಮೊದಲಿದ್ದಲ್ಲೇ ನಿಂತಿತ್ತು. ಆ ಸಲ ಪರೀಕ್ಷೆಗೆ ಅವನು ತನ್ನ ಬದಲು ಇನ್ನೊಬ್ಬರನ್ನು ಕೂರಿಸಿದ್ದ. “ಇನ್ನು ಮುಂದೆ ನಾನು ಕೂರೋದು ಸರಿಯಲ್ಲ,” ಎಂದಿದ್ದ. ಯಾಕೆ ಎಂದು ಅವಳು ಕೇಳಿರಲಿಲ್ಲ.

ಅದಾದ ಮೇಲಿನ ರಜೆಯ ದಿನ ಅವನು ನರ್ಸರಿಗೆ ಹೋಗದೆ ಅವಳ ಮನೆಗೆ ಹೋದ.

ಅಣ್ಣ ಮಿತಭಾಷಿ. ಕುರ್ಚಿ ಎಳೆದು ಕೂರಿಸಿ, ಅವನು ಹೇಳಿದ್ದನ್ನೆಲ್ಲ ಕೇಳಿ, ಗಂಟಲು ಸರಿಮಾಡಿಕೊಂಡ. “ಮುಚ್ಚಿಟ್ಟು ಹೆಣ್ಣು ಕೊಡೋ ಜನ ಅಲ್ಲ ನಾವು. ತಂಗಿ ಕೈ ಪೂರ್ತಿ ಸರಿಹೋಗಲ್ಲ. ಕಣ್ಣಿನಲ್ಲೂ ಸ್ವಲ್ಪ… ಅಂದ್ರೆ ಒಂಚೂರು…”

“ಅಯ್ಯೋ, ಅವರೇ ಅಳೆದು ಹೇಳಿದ್ದು ಕಣ್ರೀ!” ಎಂದಳು ಅತ್ತಿಗೆ. “ಹೂ ಮಾರೋರ ಮನೆಗೆ ಹೂವಿನ ಸುದ್ದಿ ಹೇಳ್ತೀರಲ್ಲ!”

ಅಣ್ಣ ಪೆಚ್ಚಾಗಿ ನಕ್ಕ. ಬಾಗಿಲ ಬಳಿ ನಿಂತಿದ್ದ ಅವಳು ನಗಲಿಲ್ಲ.

“ಅಣ್ಣ ಹೇಳಬೇಕಾದ್ದನ್ನೇ ಹೇಳಿದ. ಆದ್ರೆ ಒಂಚೂರು ಅಲ್ಲ,” ಎನ್ನುತ್ತ ಒಳಗೆ ಬಂದಳು. ಒಂದು ಮಣೆಯನ್ನು ಕಾಲಿನಿಂದ ತಳ್ಳಿಕೊಂಡು ಬಂದು, ಅವನೆದುರು, ಕೈಯಳತೆಯಲ್ಲಿ ಕೂತಳು. ಕಿಟಕಿಯ ಬೆಳಕು ಅವನ ಮುಖದ ಮೇಲಿತ್ತು. “ಯಂತ್ರ ಚಿತ್ರ ಬಿಡಿಸುತ್ತೆ, ಅಷ್ಟೇ. ನನಗೆ ಏನು ಕಾಣಲ್ಲ ಅಂತ ನಾನೇ ಹೇಳ್ತೀನಿ. ಕೇಳಿಸ್ಕೊಂಡು ಆಮೇಲೆ ಮಾತಾಡಿ.”

ಅವಳು ಕತ್ತು ವಾಲಿಸಲಿಲ್ಲ. ನೇರ ನೋಡಿದಳು. ಸ್ಕ್ರೀನಿನಲ್ಲಲ್ಲ, ಕತ್ತಲಲ್ಲಲ್ಲ, ಹಾಡುಹಗಲಿನಲ್ಲಿ, ಎರಡೂ ಕಣ್ಣಿನಿಂದ, ಅವನನ್ನು.

“ಈಗ ನಿಮ್ಮ ಮೂಗು ನೋಡ್ತಿದೀನಿ. ಮೂಗು ಚೆನ್ನಾಗಿ ಕಾಣುತ್ತೆ. ಕಣ್ಣು ಇರಬೇಕಾದ ಕಡೆ ಹೊಗೆ. ಮೀಸೆ ಅರ್ಧ ಇದೆ.”

“ಇನ್ನರ್ಧ ಇಲ್ಲದಿದ್ರೂ ನಷ್ಟವಿಲ್ಲ ಬಿಡು,” ಎಂದಳು ಅತ್ತಿಗೆ. ಅಣ್ಣ ಸನ್ನೆ ಮಾಡಿದ ಮೇಲೆ ಸುಮ್ಮನಾದಳು.

“ಕಣ್ಣು ನೋಡಬೇಕು ಅಂದ್ರೆ ಕಣ್ಣನ್ನೇ ನೋಡಬೇಕು. ಆಗ ಬಾಯಿ ಮಸುಕು. ನೀವು ನಗ್ತಿದೀರೋ ತುಟಿ ಕಚ್ಕೊಂಡಿದೀರೋ ಗೊತ್ತಾಗಲ್ಲ. ಎರಡೂ ಒಟ್ಟಿಗೆ ಇನ್ನು ಸಿಗಲ್ಲ ನನಗೆ. ದಿನಾ ಹೀಗೇ. ಸಂತೋಷವಾಗಿದೀರಾ ಅಂತ ಮುಖ ನೋಡಿ ತಿಳ್ಕೊಳ್ಳೋ ಹೆಂಡತಿ ಅಲ್ಲ ನಾನು. ಮುಂದೆ ಇನ್ನೂ ಕಮ್ಮಿ ಆಗಲ್ಲ ಅಂತ ಯಾರೂ ಮಾತು ಕೊಟ್ಟಿಲ್ಲ. ಇಷ್ಟು.”

ಅವನು ‘ಪರವಾಗಿಲ್ಲ’ ಎನ್ನಲಿಲ್ಲ. ಆ ಮಾತು ಎಷ್ಟು ಹಗುರವೆಂದು ಅವನಿಗೆ ಗೊತ್ತಿತ್ತು.

“ಈಗ ಯಾವುದನ್ನ ನೋಡ್ತಿದೀರಿ?” ಎಂದು ಕೇಳಿದ.

“ಕಣ್ಣು.”

“ಬಾಯಿ ಬೇಡವಾ?”

“ಬಾಯಿದು ಕೇಳಿಸುತ್ತಲ್ಲ,” ಎಂದಳು. “ಹೇಳಿ.”

“ನೀವು ಬೇಕು ನನಗೆ,” ಎಂದ ಅವನು, ಅಣ್ಣನ ಎದುರಿಗೇ.

ಅವಳು ಅವನ ಕಣ್ಣುಗಳಿಂದ ನೋಟ ಸರಿಸಲಿಲ್ಲ.

“ಕೇಳಿಸ್ತು,” ಎಂದಳು.